ಗಾಳಿ ಕಲ್ಯಾಣಪ್ಪನವರು

ಕುಷಾಯಿಗೂಡದ ನಮ್ಮ ಸಹಕಾರ ಸಂಘದ ಆಫೀಸಿನಲ್ಲಿ ಎಸಿ ಇಲ್ಲ, ಮ್ಯಾನೇಜರ್ ಕಲ್ಯಾಣಪ್ಪನವರಿದ್ದಾರೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಿಟಕಿಗಳನ್ನೆಲ್ಲ ತೆರೆಯುತ್ತಾರೆ. ಬಿಸಿಲೇರಿದಂತೆ ಪಶ್ಚಿಮದ ಕಿಟಕಿಗಳನ್ನು ಮುಚ್ಚಿ, ಒಳಗಿನ ಬಿಸಿಗಾಳಿ ಮೇಲೇರಿ ಹೊರಹೋಗಲೆಂದು ಸೂರಿನ ಕೆಳಗಿನ ಗವಾಕ್ಷಿಗಳ ಹಗ್ಗ ಎಳೆಯುತ್ತಾರೆ. ಸಾಲ ಕೇಳಲು ಬಂದವರೂ ಮೊದಲು ಗಾಳಿಯ ಹೊಗಳಿಕೆ ಕೇಳಬೇಕು. "ಇಲ್ಲಿ ನಿಂದರ್ರಿ. ಕುತ್ತಿಗಿಗೆ ತಾಕ್ತಲ್ಲ? ಅದು ನಮ್ಮ ಗಾಳಿ!" ಎನ್ನುತ್ತಾರೆ, ತಾವೇ ಊದಿ ಕಳಿಸಿದವರಂತೆ. ಆಮೇಲೆ ಅವರನ್ನು ಕರೆಂಟಿನ ಮೀಟರಿನ ಮುಂದೆ ಕರೆದೊಯ್ದು, "ಕೆಂಪು ದೀಪ ಎಷ್ಟು ಸಾವಕಾಶ ಮಿಣುಕಾಕತ್ತೈತಿ ನೋಡ್ರಿ. ಎಸಿ ಹಾಕಿದ ಬಾಜೂ ಬಿಲ್ಡಿಂಗಿಂದು ಲಗುಲಗು ಮಿಣುಕಿ ಕಣ್ಣು ಕುಕ್ಕತೈತಿ" ಎಂದು ಮೀಸೆ ತೀಡುತ್ತಾರೆ. ಹಾಳೆ ಹಾರದಂತೆ ಫೈಲುಗಳ ಮೇಲೆ ಕಲ್ಲಿಟ್ಟು ಕೆಲಸ ಮಾಡುವ ನಾವು ಒಳಗೆ ಗೊಣಗಿದರೂ, ಹೊರಗೆ ಹೋದಾಗ ಅವರಂತೆಯೇ ಬೀಗುತ್ತೇವೆ. ಈ ಸಲದ ಮೇ ತಿಂಗಳಲ್ಲಿ, ತುಂಬು ಬಸುರಿಯಾಗಿದ್ದ ನಮ್ಮ ಕ್ಯಾಷಿಯರ್ ಸ್ನೇಹಲತಾ ಸೆಕೆಗೆ ಬಳಲಿ ಮೇಜಿನ ಮೇಲೆ ತಲೆಯಿಟ್ಟಳು. ಈಗಲಾದರೂ ಎಸಿ ಬರುತ್ತದೆ ಅಂದುಕೊಂಡೆವು. ಕಲ್ಯಾಣಪ್ಪನವರು ತಮ್ಮ ಮೇಜು ಖಾಲಿ ಮಾಡಿದರು. ಇಡೀ ಆಫೀಸಿನಲ್ಲಿ ಗಾಳಿ ಬಿಡುವಿಲ್ಲದೆ ಹಾಯುವ ಜಾಗ ಅದೊಂದೇ. "ಇಲ್ಲಿ ಬಾರವ್ವಾ, ಕುಂದ್ರು" ಎಂದು ಅವಳನ್ನು ಅಲ್ಲಿ ಕೂರಿಸಿ, ತಾವು ಬಿಸಿಲಿಗೆ ಕಾಯುವ ಪಶ್ಚಿಮದ ಗೋಡೆಯ ಮೂಲೆಗೆ ಹೋದರು. ಸಂಜೆಯ ಹೊತ್ತಿಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು. "ಅಲ್ಲಿ ಭಾಳ ಧಗಿ ಅಲ್ರೀ, ಸರ್?" ಎಂದು ಸ್ನೇಹಲತಾ ಕೇಳಿದಳು. "ಧಗಿ? ನಮ್ಮ ಆಫೀಸಿನ್ಯಾಗ?" ಎಂದು ಕಲ್ಯಾಣಪ್ಪನವರು ಒದ್ದೆ ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟುಕೊಂಡರು.