ನೂರು ಮೀಟರ್ ಶೀಟ್, ಒಂದು ಬಾಟಲಿ

ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ಪಿಎಚ್‌ಡಿ ಮಾಡುವಾಗ ನನ್ನ ಕೆಲಸ ಹಾಳೆ ತಯಾರಿಸುವುದಾಗಿತ್ತು. ಕಣ್ಣಿಗೆ ಕಾಣದ ಹಾಳೆ. ಮಾಲಿಬ್ಡಿನಂ ಲವಣವನ್ನೂ ಗಂಧಕವಿರುವ ಪುಡಿಯನ್ನೂ ನೀರಲ್ಲಿ ಕರಗಿಸಿ, ಉಕ್ಕಿನ ಡಬ್ಬಿಯಲ್ಲಿ ಬಿಗಿದು ಓವನ್‌ನಲ್ಲಿಟ್ಟರೆ ಕೆಲವೇ ಪರಮಾಣು ದಪ್ಪದ ಹಾಳೆಗಳು ಹುಟ್ಟುತ್ತವೆ. ಹೊತ್ತು ಹೆಚ್ಚಾದರೆ ಬೆಳೆದು, ಒಂದಕ್ಕೊಂದು ಅಂಟಿ ಕೆಸರಾಗುತ್ತವೆ. ಎಲ್ಲವೂ ಅಗಲದಲ್ಲಿ ನೂರು ನ್ಯಾನೋಮೀಟರಿಗೇ, ಅಂದರೆ ಕೂದಲೆಳೆಯ ಸಾವಿರದಲ್ಲೊಂದು ಪಾಲಿಗೇ, ನಿಲ್ಲಬೇಕೆಂಬುದು ನಮ್ಮ ಗೈಡ್ ಸರ್ ಅವರ ಹಟ. ಎರಡು ವರ್ಷ ಕೆಸರು ತೊಳೆದೆ. ಕೊನೆಗೊಂದು ಸಲ ಕಪ್ಪು ಹಸಿರು ದ್ರಾವಣದಲ್ಲಿ ವಾರವಾದರೂ ಏನೂ ತಳಕ್ಕಿಳಿಯಲಿಲ್ಲ; ಹಾಳೆಗಳು ಅಂಟಿಕೊಂಡಿರಲಿಲ್ಲ.

ಗಾತ್ರ ಅಳೆಯುವ ನಮ್ಮ ಯಂತ್ರ ಕೆಟ್ಟಿತ್ತು. ನಾಸಿಕ್‌ನ ಅಂಬಡ್ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರಲ್ಲಿ ಅಂಥದ್ದೊಂದಿದೆ ಎಂದು ತಿಳಿದು, ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಗೇಟಿನ ಕಾವಲುಗಾರ ನನ್ನ ಕನ್ನಡ ಬೆರೆತ ಮರಾಠಿ ಕೇಳಿದೊಡನೆ ಮುಖವರಳಿಸಿದ.

"ಮೇಡಂ, ಬೀದರ್ ಕಡೇರೇನ್ರಿ? ನಾ ಭಾಲ್ಕಿಯಂವ."

ಊರ ಕಡೆಯವನಾದರೂ ರಿಜಿಸ್ಟರ್ ಬಿಡಲಿಲ್ಲ.

"ಬಾಟ್ಲ್ಯಾಗ ಏನದರಿ?"

"ಶೀಟ್."

"ಸೈಜ್?"

"ನೂರು ನ್ಯಾನೋಮೀಟರ್."

ಅವನು 'ಶೀಟ್, 100 ಮೀಟರ್' ಎಂದು ಬರೆದ. "ಎಷ್ಟು ಪೀಸ್ ಅದಾವ್ರಿ?"

"ಕೋಟಿಗಟ್ಟಲೆ. ಎಣಸ್ಲಿಕ್ಕ ಬರಂಗಿಲ್ರಿ."

ಅವನು ಬಾಟಲಿಯನ್ನು ಬಿಸಿಲಿಗೆ ಹಿಡಿದ. "ಒಂದೂ ಕಾಣವಲ್ದಲ್ರಿ."

"ಕಂಡ್ರ ಕೆಲಸ ಕೆಟ್ಟಂಗ್ರಿ."

ನನ್ನನ್ನು ಕನಿಕರದಿಂದ ನೋಡಿ 'ಒಂದು' ಎಂದು ಬರೆದುಕೊಂಡ.

ಒಳಗೆ ಯಂತ್ರ ದ್ರಾವಣಕ್ಕೆ ಬೆಳಕು ಹಾಯಿಸಿತು. ಪರದೆಯ ಮೇಲೆ ಒಂದೇ ಒಂದು ಚೂಪು ಶಿಖರ, ನೂರರ ಹತ್ತಿರ: ಹಾಳೆಗಳೆಲ್ಲ ಒಂದೇ ಅಳತೆ. ನನ್ನ ಕಣ್ಣು ತುಂಬಿತು. ಅಳೆದದ್ದನ್ನು ಯಂತ್ರದವರು ಸಿಂಕಿಗೆ ಸುರಿದರು.

ವಾಪಸು ಬಂದಾಗ ಕಾವಲುಗಾರ ಬಾಟಲಿ ಎತ್ತಿ ನೋಡಿದ.

"ಅರ್ಧಾನೇ ಅದ. ಐವತ್ತು ಮೀಟರ್ ಎಲ್ಲಿ ಹೋಯ್ತ್ರಿ?"

"ಅಳತಿ ಮಾಡಿ ಚೆಲ್ಲಿದ್ರು."

"ಐವತ್ತು ಮೀಟರ್ ಮಾಲು ಚೆಲ್ಲಿದ್ರಾ!"

ಫೋನು ಹೋಗಿ ಸೂಪರ್‌ವೈಸರ್ ಬಂದರು. ನಾನು ರಿಜಿಸ್ಟರಿನ ಹಿಂದಿನ ಪುಟದಲ್ಲಿ ಪರಮಾಣುಗಳ ಚಿತ್ರ ಬರೆದು ಮರಾಠಿಯಲ್ಲಿ ಎಲ್ಲ ವಿವರಿಸಿದೆ. ಅವರು ಕೊನೆಯವರೆಗೂ ಗಂಭೀರವಾಗಿ ತಲೆದೂಗಿ, ಪೆನ್ನು ತೆಗೆದುಕೊಂಡು ಬರೆದರು: 'ಉಳಿದ ಐವತ್ತು ಮೀಟರ್ ಕಾರ್ಖಾನೆಯಲ್ಲೇ ಇದೆ. ಕಾಣಿಸುವುದಿಲ್ಲ.' ಕೆಳಗೆ ಸಹಿ, ಮೊಹರು.

ಕಾವಲುಗಾರನಿಗೆ ಸಮಾಧಾನವಾಯಿತು. ತಾನೇ ರಸ್ತೆಗಿಳಿದು ಆಟೊ ನಿಲ್ಲಿಸಿ, ಚಾಲಕನಿಗೆ ಮರಾಠಿಯಲ್ಲಿ ಎಚ್ಚರಿಸಿದ: ನಿಧಾನ ಹೋಗು, ಮೇಡಂ ಹತ್ತಿರ ಐವತ್ತು ಮೀಟರ್ ಶೀಟಿದೆ.

ಚಾಲಕ ನನ್ನ ಹಿಂದೆ ಮುಂದೆ ನೋಡಿದ. ಆಮೇಲೆ ಇಳಿದು, ಸೀಟಿನಡಿಯಿಂದ ಹಗ್ಗ ತೆಗೆದು, ಎಲ್ಲಿ ಕಟ್ಟಲಿ ಎಂದು ಕೇಳಿದ. ನಾನು ಬಾಟಲಿ ಅಪ್ಪಿಕೊಂಡು ಎರಡು ವರ್ಷಗಳಲ್ಲಿ ಮೊದಲ ಸಲ ಹೊಟ್ಟೆ ಹಿಡಿದು ನಕ್ಕೆ.