ಬೆಳ್ಳಗಿದ್ದದ್ದೆಲ್ಲ ಮೋಡ

ಕಾರ್ಖಾನೆಯಲ್ಲಿ ಅವಳನ್ನು ಮೌನಗೌರಿ ಎನ್ನುತ್ತಿದ್ದರು. ಮಾತು ಬಾರದವಳೇನಲ್ಲ, ಅವಳ ಬಾಯಿಗೆ ಹೆದರಿ ಹಾಲಿನವನು ನೀರು ಬೆರೆಸುವುದನ್ನೇ ಬಿಟ್ಟಿದ್ದ. ಆದರೆ ಕೆಲಸ ಅಂಥದು. ಗಾಳಿಯಲ್ಲಿ ತೇಲುವ ಧೂಳು, ಹೊಗೆಗಳನ್ನು ಆಕಾಶದಿಂದ ಅಳೆಯುವ ಉಪಗ್ರಹದ ಕ್ಯಾಮೆರಾಕ್ಕೆ ಅವಳು ಗಾಜು ಕೂರಿಸುತ್ತಿದ್ದಳು. ಉಗುರಗಲದ ಗಾಜುಗಳು, ಒಂದೊಂದಕ್ಕೂ ಒಂದೊಂದು ಓರೆ. ಉಸಿರು ತಾಕಿದರೆ ಕೆಟ್ಟಿತು. ಮುಖಗವಸು ಇದ್ದರೂ ಅವಳು ಉಸಿರು ಬಿಗಿಹಿಡಿದೇ ಕೂರಿಸುತ್ತಿದ್ದಳು.

ಅವಳ ಅಕ್ಕನಿಗೆ ಉಸಿರೇ ಸಾಲದು. ಅಕ್ಕ ಬಟ್ಟೆ ಹೊಲಿಯುವವಳು. ಊರಾಚೆಯ ತಗ್ಗಿನಲ್ಲಿ, ಸುಣ್ಣದ ಭಟ್ಟಿಗಳ ಮಗ್ಗುಲಲ್ಲೇ ಮನೆ. ಯಂತ್ರಕ್ಕೆ ಹೊದಿಸಿದ ಬಟ್ಟೆ ಮಧ್ಯಾಹ್ನದೊಳಗೆ ಬಿಳಿಚಿಕೊಳ್ಳುತ್ತಿತ್ತು. ಗಿರಾಕಿಗಳ ಕಪ್ಪು ಕೋಟನ್ನು ಒದರಿ ಒದರಿ ಕೊಡಬೇಕು. "ಮನೆ ಮಾರಿ ಹೋಗ್ತೀನಿ ಕಣೇ, ಕೇಳೋರು ಬಂದಿದಾರೆ" ಎಂದು ಅಕ್ಕ ಹೊರಟಾಗ ತಡೆದವಳು ಇವಳೇ.

"ಸ್ವಲ್ಪ ತಾಳು. ತಪಾಸಣೆಗೆ ಬರ್ತಾರೆ ಅಂದ್ರೆ ಭಟ್ಟಿಯೋನು ಅವತ್ತು ಬೆಂಕಿ ಆರಿಸಿ ಸಾಚಾ ಆಗ್ತಾನೆ. ಮೇಲಿಂದ ನೋಡೋದು ಹೇಳಿ ಕೇಳಿ ಬರಲ್ಲ. ಆ ಚಿತ್ರ ಬಂದ್ಮೇಲೆ ಯಾರ ಬಾಯೂ ಏಳಲ್ಲ."

"ಓದಿದೋಳು ನೀನು. ನೀನು ಹೇಳಿದ್ಮೇಲೆ ಮುಗೀತು" ಎಂದು ಅಕ್ಕ ಮನೆ ಕೇಳಲು ಬಂದವರನ್ನು ವಾಪಸ್ ಕಳಿಸಿದಳು.

ಉಪಗ್ರಹ ಹಾರಿತು. ತಗ್ಗಿನವರು ಕೊಟ್ಟ ದೂರಿನ ಮೇಲೆ ಭಟ್ಟಿಗಳ ವಿಚಾರಣೆ ನಡೆದ ದಿನ ಅಧಿಕಾರಿ ಗೋಡೆಯ ಮೇಲೆ ನಕ್ಷೆ ಮೂಡಿಸಿದ. ಹೆದ್ದಾರಿಯ ಮೇಲಿನ ತೆಳು ಹೊಗೆ ಕೂಡ ಹಳದಿಯಾಗಿ ಕಾಣುತ್ತಿತ್ತು. ಅಕ್ಕನ ತಗ್ಗು ಮಾತ್ರ ಖಾಲಿ. ಯಾವ ತಿಂಗಳ ಚಿತ್ರ ತೆಗೆದರೂ ಖಾಲಿ.

"ಖಾಲಿ ಅಂದ್ರೆ ಮೋಡ," ಎಂದ ಅಧಿಕಾರಿ. "ಮೋಡದ ಕೆಳಗೆ ಏನಿದೆಯೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಬೀಗ ಹಾಕೋಕಾಗುತ್ತಾ?"

ಭಟ್ಟಿಯ ಒಡೆಯ ಕುರ್ಚಿ ಸರಿಸಿ ಎದ್ದ. ಅಕ್ಕನ ನೆರೆಮನೆಯ ಮುದುಕ ತಂಗಿಗೆ ಕೇಳಿಸುವಂತೆ ಗೊಣಗಿದ: "ನಿಮ್ಮ ಸಾಮಾನಿಗೂ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ."

ಮರುದಿನ ಅವಳು ಚಿತ್ರಗಳ ಲೆಕ್ಕ ಹಾಕುವ ವಿಭಾಗದ ಮುಖ್ಯಸ್ಥನ ಬಳಿ ಹೋದಳು. ಅವನೇನೂ ಮುಚ್ಚಿಡಲಿಲ್ಲ.

"ಮೋಡ ತೆಗೀದೇ ಹೋದ್ರೆ ಇಡೀ ನಕ್ಷೆ ಕೆಡುತ್ತೆ ಮೇಡಂ. ದಟ್ಟವಾಗಿ ಬೆಳ್ಳಗಿದ್ದದ್ದೆಲ್ಲ ಮೋಡ ಅಂತ ನಿಯಮ ಇಟ್ಟಿದೀವಿ. ವಿಪರೀತ ಹೊಗೆ ಇದ್ರೆ ಅದೂ ಅದರ ಜೊತೆ ಹೋಗುತ್ತೆ. ನೆಗಡಿ ಅಂತ ಮೂಗು ಕೊಯ್ದ ಹಾಗೆ, ಒಪ್ಕೋತೀನಿ. ಮುಂದಿನ ಸಲ ಸರಿ ಮಾಡ್ತೀವಿ."

"ತೀರ್ಪು ಆಗೋಯ್ತಲ್ಲ?"

"ಅದು ನಮ್ಮ ಇಲಾಖೆ ಅಲ್ವಲ್ಲ."

ಗಾಜಿನಲ್ಲಿ ದೋಷವಿರಲಿಲ್ಲ. ಅವಳ ಕೆಲಸ ಚೊಕ್ಕವಾಗಿತ್ತು. ಅದರಿಂದ ಅಕ್ಕನಿಗೆ ಆಗಬೇಕಾದದ್ದು ಏನೂ ಇರಲಿಲ್ಲ.

ಗೆದ್ದ ಒಡೆಯ ಇನ್ನೊಂದು ಭಟ್ಟಿ ಕಟ್ಟಿಸಿದ. ಮನೆ ಕೇಳುವವರು ಆ ದಿಕ್ಕಿಗೇ ತಲೆಹಾಕಲಿಲ್ಲ. ಒಂದು ಸಂಜೆ ಗುಂಡಿ ಹಚ್ಚುತ್ತ ಕೂತಿದ್ದ ಅಕ್ಕನಿಗೆ ಅವಳು ಆ ನಿಯಮವನ್ನು ಬಿಡಿಸಿ ಹೇಳಿದಳು. ಅಕ್ಕ ದಾರ ಕಚ್ಚಿ ತುಂಡರಿಸಿದಳು.

"ಹಾಗಾದ್ರೆ ಎಷ್ಟು ಹೊಗೆ ಇದ್ರೆ ಅದನ್ನ ಹೊಗೆ ಅಂತಾರೆ?"

"ಇದಕ್ಕಿಂತ ಕಮ್ಮಿ ಇದ್ರೆ."

ಅಕ್ಕನಿಗೆ ನಗು ಬಂತು. "ಭಟ್ಟಿಯೋನಿಗೆ ಹೇಳಿ ನೋಡೇ. ಸ್ವಲ್ಪ ಕಮ್ಮಿ ಉರಿಸಪ್ಪಾ, ನಿನ್ನ ಹಿಡಿದುಕೊಡಬೇಕಾಗಿದೆ ಅಂತ."

ನಗು ಕೆಮ್ಮಿಗೆ ತಿರುಗಿತು. ತಂಗಿ ನೀರಿನ ಲೋಟ ಹಿಡಿದು, ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದು, ಕೆಮ್ಮು ನಿಲ್ಲಲೆಂದು ಕಾದಳು. ಅದು ನಿಲ್ಲಲಿಲ್ಲ. ಇವಳೇ ಮೊದಲು ಉಸಿರು ಬಿಡಬೇಕಾಯಿತು.