ಮಾಂಗಲ್ಯದ ತಟ್ಟೆ ಇಟ್ಟ ಚಪ್ಪಡಿ

ಡೆಲ್ ಮಾರ್ ಹತ್ತಿರದ ಆ ಕಲ್ಲಿನ ಚರ್ಚಿನಲ್ಲಿ ಅಕ್ಕನ ಮಗಳ ಮದುವೆ. ಹುಡುಗನ ಮನೆಯವರು ಇಂಗ್ಲೆಂಡಿನಿಂದ ಬಂದವರು. ಇದು ತಮ್ಮ ಹಳ್ಳಿಯ ಹಳೆಯ ಚರ್ಚಿನ ಪಡಿಯಚ್ಚು ಎಂದು ಹಟ ಹಿಡಿದು ಅಲ್ಲೇ ಗೊತ್ತುಮಾಡಿದ್ದರು. ಅವರ ವಿಧಿ ಮುಗಿದ ಮೇಲೆ ತಾಳಿ ಕಟ್ಟಲು ಪಾದ್ರಿಯೂ ಒಪ್ಪಿದ್ದರು. ಒಪ್ಪದೆ ಕೂತವಳು ಅಕ್ಕ. ಭಾವ ಕೊರೊನಾದ ಮೊದಲ ವರ್ಷವೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಮಾಂಗಲ್ಯದ ತಟ್ಟೆಯನ್ನು ಅಮ್ಮನೇ ಹಿಡಿದು ಬರಬೇಕೆಂದು ಮಗಳು, ವಿಧವೆ ಅದನ್ನು ಮುಟ್ಟಬಾರದೆಂದು ಅಕ್ಕ. ಪಸಡೀನಾದಲ್ಲಿ ಅರ್ಧ ಆಯಸ್ಸು ಡಾಕ್ಟರಾಗಿ ದುಡಿದವಳು ಅರಿಶಿನದ ದಾರಕ್ಕೆ ಹೆದರುತ್ತಾಳಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತು ಕರೆದು, ಮದುವೆಯ ಹಿಂದಿನ ದಿನ ಒಪ್ಪಿದಳು.

ಬೆಳಿಗ್ಗೆ ನಾನು ಮೊದಲೇ ಹೋದೆ. ಬೀಗರು, ಅಂದರೆ ಹುಡುಗನ ತಂದೆ, ಉತ್ಸಾಹದಿಂದ ಒಳಗೆಲ್ಲ ತೋರಿಸಿದರು. ಬಾಗಿಲ ಬಳಿಯೇ ಎಂಟು ಮೂಲೆಯ ಕಲ್ಲಿನ ತೊಟ್ಟಿ. ಮಕ್ಕಳಿಗೆ ದೀಕ್ಷಾಸ್ನಾನ ಅಲ್ಲೇ. ಓಕ್ ಮರದ ಬೆಂಚುಗಳ ತುದಿಗೆ ಎಲೆಬಳ್ಳಿಯ ಕೆತ್ತನೆ. ಕೂರುವವರ ಬೆನ್ನಿನ ಬಗ್ಗೆ ಮಾತ್ರ ಯಾರೂ ಯೋಚಿಸಿದಂತಿರಲಿಲ್ಲ. ಮಂಡಿಯೂರಲು ಹೆಂಗಸರು ಕಸೂತಿ ಹಾಕಿದ ದಿಂಬುಗಳು. ಪೂಜಾಪೀಠದ ಮುಂದೆ ಜಾಲಂದ್ರದಂಥ ಮರದ ತೆರೆ. ನಮ್ಮ ಗರ್ಭಗುಡಿಯ ಹಾಗೆ ಇಲ್ಲೂ ದೇವರು ಸ್ವಲ್ಪ ದೂರವೇ ಎಂದುಕೊಂಡೆ.

ತೆರೆದ ಬಾಗಿಲಿನಿಂದ ಹೊರಗಿನ ಗೇಟು ಕಾಣುತ್ತಿತ್ತು. ಅದಕ್ಕೂ ಹೆಂಚಿನ ಪುಟ್ಟ ಮಾಡು, ನಡುವೆ ಉದ್ದನೆಯ ಕಲ್ಲುಚಪ್ಪಡಿ. ಅಕ್ಕ ಬಂದು, ಕೈ ಸೋತಿತೇನೋ, ತಟ್ಟೆಯನ್ನು ಆ ಚಪ್ಪಡಿಯ ಮೇಲಿಟ್ಟು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆಗಲೇ ಬೀಗರು ಹೇಳಿದರು: ಹಿಂದೆ ಹೆಣ ಹೊತ್ತು ತಂದವರು, ಪಾದ್ರಿ ಬರುವವರೆಗೆ ಪೆಟ್ಟಿಗೆ ಇಳಿಸಿಡುತ್ತಿದ್ದದ್ದು ಅಂಥ ಚಪ್ಪಡಿಯ ಮೇಲೆಯೇ.

ಇದು ಅಕ್ಕನ ಕಿವಿಗೆ ಬಿದ್ದರೆ ಮುಗಿಯಿತು. ತಾನು ಮುಟ್ಟಿದ್ದಕ್ಕೇ ಹೀಗಾಯಿತೆಂದು ಕಾರಿನಲ್ಲಿ ಹೋಗಿ ಕೂರುತ್ತಾಳೆ, ಮಗಳ ಮದುವೆಯನ್ನೂ ನೋಡುವುದಿಲ್ಲ. ರೇಷ್ಮೆ ಸೀರೆ ಎತ್ತಿ ಹಿಡಿದು ಓಡಿದೆ.

"ಅಕ್ಕಾ, ತಟ್ಟೆ ಎತ್ಕೊ. ಬಿಸ್ಲು."

"ಎಲ್ಲಿದೆ ಬಿಸ್ಲು? ಮೇಲೆ ಸೂರಿಲ್ವಾ? ಯಾಕೆ ಹಿಂಗೆ ಬೆವರ್ತಿದೀಯ?"

"ಏನಿಲ್ಲ, ಲೇಟಾಗ್ತಿದೆ."

ನನ್ನ ಸುಳ್ಳು ಅವಳ ಹತ್ತಿರ ಎಂದೂ ನಡೆದಿಲ್ಲ. ಒಮ್ಮೆ ಕಲ್ಲನ್ನು, ಒಮ್ಮೆ ನನ್ನನ್ನು ನೋಡಿದಳು. ಅಷ್ಟರಲ್ಲಿ ಬೀಗರು ಏದುಸಿರು ಬಿಡುತ್ತ ಬಂದರು. ಈ ಕಲ್ಲು ಯಾತಕ್ಕೆ ಎಂದು ಅಕ್ಕ ಅವರನ್ನೇ ಇಂಗ್ಲಿಷಿನಲ್ಲಿ ಕೇಳಿಬಿಟ್ಟಳು. ನಾನು ಕಣ್ಣು ಕೆಕ್ಕರಿಸಿದೆ. ಪುಣ್ಯಾತ್ಮ ಅದನ್ನು ನೋಡಲೇ ಇಲ್ಲ. ನಗುನಗುತ್ತ ಎಲ್ಲ ಹೇಳಿದರು. ಒಳಗೆ ಆರ್ಗನ್ ಶುರುವಾಯಿತು.

ತಟ್ಟೆ ಎತ್ತಿಕೊಳ್ಳಲು ಕೈ ಚಾಚಿದೆ. ಅಕ್ಕ ನನ್ನ ಕೈ ಹಿಡಿದಳು.

"ಇರು. ನಿಮ್ ಭಾವನ್ನ ಆಸ್ಪತ್ರೆಯಿಂದ ನೆಟ್ಟಗೆ ಸುಡೋಕೆ ತಗೊಂಡ್ಹೋಗ್ಬಿಟ್ರು ಕಣೆ. ಮನೆ ಮುಂದೆ ಒಂದ್ ಗಳಿಗೆ ಇಳಿಸೋಕೂ ಬಿಡ್ಲಿಲ್ಲ."

ಚಪ್ಪಡಿಯ ಮೇಲೆ ಅಂಗೈ ಊರಿ ನಿಂತಳು. ನನಗೆ ಅಳು ತಡೆಯಲಾಗಲಿಲ್ಲ, ಅವಳು ಅಳಲಿಲ್ಲ. ತಟ್ಟೆಯಿಂದ ನಾಲ್ಕು ಕಾಳು ಅಕ್ಷತೆ ತೆಗೆದು ಕಲ್ಲಿನ ಮೇಲೆ ಹಾಕಿದಳು.

"ಏಳ್ರಿ, ಮಗಳ ಮದುವೆಗೆ ಹೊತ್ತಾಯ್ತು" ಎಂದಳು, ಕಲ್ಲಿನತ್ತ ಬಾಗಿ. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನನಗೂ ಕಾಯದೆ ಒಳಗೆ ನಡೆದಳು.